ಕಟ್ಟಿಗಿ ಬಟ್ಟಲ ಸೀಳಿತಾ? ಗಡಿಬಿಡಿ ಮಾಡಬ್ಯಾಡ್ರಿ

ಧಾರವಾಡದಾಗ ಮಾರ್ಚ್ ಬಂತಂದ್ರ ಲೇತ್ (ಕಟ್ಟಿಗಿ ತಿರುಗಿಸಿ ಕಡಿಯೂ ಯಂತ್ರ) ಮ್ಯಾಲ ಕಡದ ಬಟ್ಟಲ ಸೀಳಾಕ ಚಾಲೂ ಆಗ್ತಾವ, ರಾತ್ರಿ ಟಕ್ ಅಂತ ಸಪ್ಪಳ, ಮುಂಜಾನೆ ನೋಡಿದ್ರ ಕಂಠದಿಂದ ಕೆಳಗ ಎರಡಿಂಚು ಬಿರುಕು. ಮೊದಲ ಸಲ ಮಾವಿನ ಕಟ್ಟಿಗಿ ಬಟ್ಟಲಕ್ಕ ಹಿಂಗಾದಾಗ ನಾನೂ ಅವತ್ತ ಫೆವಿಕ್ವಿಕ್ ಹಾಕಿ, ತಿಕ್ಕಿ, ಪಾಲಿಶ್ ಹೊಡದು ಇಟ್ಟಿದ್ದೆ, ಹದಿನೈದ ದಿನಕ್ಕ ಅದರ ಬಾಜೂಕ ಇನ್ನೊಂದು! ಕಟ್ಟಿಗಿ ಇನ್ನೂ ಹಸೀನ ಇತ್ತು, ತಪ್ಪು ನಂದ.

ಕಟ್ಟಿಗಿ ಒಣಗುವಾಗ ತಿರುಳಿನ (ಕಾಂಡದ ನಟ್ಟನಡುವಿನ) ಕಡೆ ಎಷ್ಟು ಕುಗ್ತೈತೋ ಕಾಂಡದ ಉಂಗುರದ ಗುಂಟ ಅದರ ಸುಮಾರು ಎರಡರಷ್ಟು ಕುಗ್ತೈತಿ, ಆ ಎಳದಾಟಕ್ಕ ಎಲ್ಲೋ ಒಂದ ಕಡೆ ಬಿಡಲೇಬೇಕು. ತಿರುಳ ಬಟ್ಟಲದಾಗ ಉಳದಿತ್ತಂದ್ರ ಅಲ್ಲೇ ಸೀಳತೈತಿ ಅಂತ ತಿಳ್ಕೋರಿ.

ಅದಕ್ಕ ಮೊದಲ ಬಿರುಕಿನ ತುದಿಗೆ ಪೆನ್ಸಿಲ್ ಗೆರಿ ಹೊಡದು ತಾರೀಖು ಬರೀರಿ, ಅಡಗಿಮನಿ ಡಿಜಿಟಲ್ ಕಾಟಾದ ಮ್ಯಾಲ ವಾರಕ್ಕೊಮ್ಮೆ ತೂಕ ಮಾಡ್ರಿ. ಮೂರ್ನಾಕು ವಾರ ತೂಕ ಇಳೀಲಿಲ್ಲ, ಬಿರುಕು ಗೆರಿ ದಾಟಲಿಲ್ಲ, ಆವಾಗ ಮುಂದಿನ ಕೆಲಸ. ಇನ್ನೂ ಇಳ್ಯಾಕತ್ತಿತ್ತಂದ್ರ ಪೇಪರ್ ಚೀಲದಾಗ ಹಾಕಿ ಬಿಸಲು, ಫ್ಯಾನ್ ಗಾಳಿ ತಾಗದಂಗ ಮೂಲ್ಯಾಗ ಇಟ್ಟುಬಿಡ್ರಿ. ಜುಲೈದಾಗ ಜಿಟಿಜಿಟಿ ಮಳಿ ಹಿಡದಾಗ ಬಿರುಕು ತಾನ ಮುಚ್ಚಿದಂಗ ಕಾಣ್ತೈತಿ, ನಂಬಬ್ಯಾಡ್ರಿ, ಹವಾದಾಗಿನ ನೀರು ಹೀರಿ ಉಬ್ಬಿರ್ತೈತಿ ಅಷ್ಟ, ಬ್ಯಾಸಗಿಗೆ ಮತ್ತ ಬಾಯಿ ತಗೀತೈತಿ.

ಕೂದಲೆಳಿ ಬಿರುಕಿಗೆ ಫೆವಿಕ್ವಿಕ್ ಸಾಕು, ತೆಳುವ ಇರ್ತೈತಿ, ತಾನ ಒಳಗ ಹೋಗ್ತೈತಿ. ಹಾಕೂಕಿಂತ ಮೊದಲ ಸುತ್ತ ಒಂದ ಕೈ ಚಪಡಾ (ಅರಗಿನ) ಪಾಲಿಶ್ ಹಚ್ರಿ, ಇಲ್ಲಂದ್ರ ಕಲಿ ಬೀಳ್ತೈತಿ. ಅದ ಬಟ್ಟಲಾ ತಿಕ್ಕಿದ ಪುಡಿ ಬಿರುಕಿನಾಗ ಒತ್ತಿ ತುಂಬಿ, ಮ್ಯಾಲ ಹನಿ ಬಿಟ್ಟು, ಒಣಗಿದ ಮ್ಯಾಲ ಪಾಲಿಶ್ ಪೇಪರ್ ಹೊಡೀರಿ. ಚೆಲ್ಲಿದ್ದನ್ನ ಹತ್ತಿ ಅರಿವಿಲೆ ಒರಸಬ್ಯಾಡ್ರಿ, ಹತ್ತಿಗೆ ತಾಗಿದ್ರ ಸುಡುವಷ್ಟು ಬಿಸಿ ಆಗ್ತೈತಿ.

ಉಗುರು ಹೋಗುವಷ್ಟು ಅಗಲಿತ್ತಂದ್ರ ಅರಾಲ್ಡೈಟ್, ಎರಡು ಟ್ಯೂಬಿನ ಅಂಟು. ಎರಡೂ ಟ್ಯೂಬ್ ಸಮಸಮ ಕಲಸ್ರಿ, ಐದು ನಿಮಿಷದಾಗ ಗಟ್ಟಿ ಆಗೂದು ಬ್ಯಾಡ, ಒಳಗ ಇಳಿಯಾಕ ಟೈಮ್ ಸಿಗಂಗಿಲ್ಲ. ಹೊರಗಿನಿಂದ ಟೇಪ್ ಬಿಗಿಯಾಗಿ ಹಚ್ಚಿ, ಒಳಗಿನಿಂದ ಕಡ್ಡೀಲೆ ಚುಚ್ಚಿ ಚುಚ್ಚಿ ತುಂಬ್ರಿ, ಗುಳ್ಳಿ ಹೊರಗ ಬರ್ಲಿ, ಒಂದ ದಿನ ಮುಟ್ಟಬ್ಯಾಡ್ರಿ. ಕರೀ ಗೆರಿ ಬೇಕಂದ್ರ ಒಣಾ ಕಾಫಿ ಪುಡಿ ಕಲಸ್ರಿ, ಬಿರುಕು ಮುಚ್ಚಿಡೂಕಿಂತ ಹಂಗ ಎದ್ದು ಕಂಡ್ರನ ಚಂದ ಅಂತ ನನಗನಸ್ತೈತಿ. (ಬ್ಯಾಡಗಿ ಮೆಣಸಿನಪುಡಿ ಹಾಕೂ ಆಸೆ ಯಾರಿಗರ ಇದ್ರ ಬಿಡ್ರಿ, ಬೆಳಕಿಗೆ ಬಣ್ಣ ಹೋಗ್ತೈತಿ.)

ದಪ್ಪ ಬಟ್ಟಲಿದ್ರ ಬಿರುಕಿನ ಅಡ್ಡ ಡಮರು ಆಕಾರದ ಸಾಗವಾನಿ ತುಂಡು ಕೂಡಸಬಹುದು, ತುಂಡಿನ ಎಳಿ ಬಿರುಕಿಗೆ ಅಡ್ಡ ಇರಬೇಕು, ಉದ್ದಕ್ಕ ಇಟ್ರ ಅದ ಮುರೀತೈತಿ. ಉಳಿ ಚೂಪ ಇರಬೇಕು, ಇಲ್ಲಂದ್ರ ಕಟ್ಟಿಗಿ ಎಳಿ ಕಿತ್ತು ಬರ್ತಾವ.

ತಳಾ ತನಕ ಸೀಳಿದ್ದನ್ನ ಮಾತ್ರ ಮತ್ತ ಲೇತಿಗೆ ಏರಸಬ್ಯಾಡ್ರಿ, ತಿರುಗುವಾಗ ಒಡದು ಮಾರಿಗೆ ಹಾರ್ತೈತಿ. ಉಳದಿದ್ದಕ್ಕೂ ಫೇಸ್ ಶೀಲ್ಡ್ ಹಾಕ್ಕೊಂಡ ನಿಲ್ಲರಿ, ಸ್ಪೀಡ್ ಕಡಿಮಿ ಇಡ್ರಿ.

ಕಡೀಕ ಅಗಸಿ ಎಣ್ಣಿ ತೆಳುವಾಗಿ ಹಚ್ಚಿ ಒಣಗಾಕ ಬಿಡ್ರಿ, ಇದಕ್ಕ ದಿನಗಟ್ಟಲೆ ಬೇಕು. ಬಟ್ಟಲಾ ಚುರಮುರಿ, ಶೇಂಗಾಕ್ಕ ಸೈ, ಬಿಸಿ ಸಾರಿಗಲ್ಲ. ಎಣ್ಣಿ ಒರಸಿದ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗದ್ರ ಕಾವು ಏರಿ ತಾನ ಬೆಂಕಿ ಹತ್ತಬಹುದು, ಹಗ್ಗದ ಮ್ಯಾಲ ಹರವ್ರಿ.