ಬಾಲ ಊರಿ ಕೂರುವ ವಿಮಾನಗಳು

ಪ್ರೊಪೆಲ್ಲರ್ ವಿಮಾನಗಳ ಮಾಡೆಲ್ ಕಟ್ಟಿ ಕಟ್ಟಿ ಸಾಕಾಗಿ ನಾನು ಜೆಟ್‌ಗಳ ಕಡೆ ಹೊರಳಿದೆ. ಅದೂ ಮೊದಮೊದಲಿನ ಜೆಟ್‌ಗಳು, 1939ರಿಂದ ಸುಮಾರು ಹತ್ತು ವರ್ಷಗಳಲ್ಲಿ ಹಾರಿದವು. ಸಿಲಿಂಡರುಗಳ ಸಾಲಿಲ್ಲ, ಹೊಗೆಕೊಳವೆಗಳ ಸಾಲಿಲ್ಲ, ಪ್ರೊಪೆಲ್ಲರಿನ ಅಲಗುಗಳನ್ನು ಓರೆಯಾಗದಂತೆ ಅಂಟಿಸುವ ತಾಪತ್ರಯವಿಲ್ಲ. 1/72 ಅಳತೆಯ ಮಿಗ್-15 ಕಿಟ್ಟಿನ ಪೆಟ್ಟಿಗೆ ತೆರೆದು, ಒಳಗಿದ್ದ ಬೆರಳೆಣಿಕೆಯ ಭಾಗಗಳನ್ನು ನೋಡಿ, ಎರಡು ಭಾನುವಾರಗಳ ಕೆಲಸವೆಂದು ಲೆಕ್ಕ ಹಾಕಿದೆ. ಮೂರು ತಿಂಗಳು ಹಿಡಿಯಿತು. ಕೊನೆಗೊಂದು ದಿನ ಬಣ್ಣ ಒಣಗಿದ ಮೇಲೆ ಅದನ್ನು ಮೇಜಿನ ಮೇಲೆ ನಿಲ್ಲಿಸಿ ಕೈ ಬಿಟ್ಟೆ. ಅದು ಮೆಲ್ಲಗೆ ಮೂತಿ ಎತ್ತಿ, ಬಾಲ ಊರಿ, ಯಜಮಾನನ ಮುಖ ನೋಡುವ ನಾಯಿಯ ಹಾಗೆ ಕುಳಿತುಬಿಟ್ಟಿತು.

ಮೂತಿಯೊಳಗೆ ಭಾರ ತುಂಬಬೇಕೆಂದು ಕಿಟ್ಟಿನ ಕೈಪಿಡಿಯಲ್ಲೇ ಚಿತ್ರವಿತ್ತು. ನಾನು ತುಂಬಿಯೂ ಇದ್ದೆ, ಸಾಲದಷ್ಟು ತುಂಬಿದ್ದೆ. ಆ ಮಿಗ್ ಇಂದಿಗೂ ಬಾಲದಡಿಯಲ್ಲಿ ಒಂದು ಪಾರದರ್ಶಕ ಕಡ್ಡಿಯ ಆಸರೆ ಪಡೆದು ನಿಂತಿದೆ.

ಪ್ರೊಪೆಲ್ಲರ್ ಕಾಲದ ಬಹಳಷ್ಟು ವಿಮಾನಗಳು ನೆಲದ ಮೇಲೆ ಬಾಲ ಊರಿಯೇ ನಿಲ್ಲುತ್ತಿದ್ದವು, ಆದ್ದರಿಂದ ನನಗೆ ಈ ಸಮಸ್ಯೆ ಎದುರಾಗಿರಲೇ ಇಲ್ಲ. 1939ರ ಆಗಸ್ಟ್ 27ರಂದು ಹಾರಿದ ಮೊದಲ ಜೆಟ್, ಜರ್ಮನಿಯ ಹೈಂಕೆಲ್ 178, ಅದೂ ಬಾಲಚಕ್ರದ್ದೇ. ಮೆಸರ್‌ಶ್ಮಿಟ್ 262 ಕೂಡ ಹಾಗೆಯೇ ಶುರುವಾಯಿತು. ಆದರೆ ಬಾಲ ಕೆಳಗಿದ್ದಾಗ ಅದರ ಎಲಿವೇಟರುಗಳಿಗೆ, ಅಂದರೆ ಮೂತಿಯನ್ನು ಏರಿಸಿ ಇಳಿಸುವ ಬಾಲದ ಮಡಿಕೆಗಳಿಗೆ, ಸರಿಯಾಗಿ ಗಾಳಿ ತಾಗುತ್ತಿರಲಿಲ್ಲ. ಎಷ್ಟು ವೇಗವಾಗಿ ಓಡಿಸಿದರೂ ಬಾಲ ಮೇಲೇಳದು. 1942ರ ಜುಲೈ 18ರಂದು ಬರಿಯ ಜೆಟ್ ಎಂಜಿನ್‌ಗಳ ಬಲದಿಂದಲೇ ಅದನ್ನು ಮೊದಲ ಬಾರಿಗೆ ಹಾರಿಸಿದ ಫ್ರಿಟ್ಸ್ ವೆಂಡೆಲ್, ಪೂರ್ತಿ ವೇಗದಲ್ಲಿ ಓಡುತ್ತಿರುವಾಗಲೇ ಬ್ರೇಕನ್ನು ಒಂದು ಕ್ಷಣ ಒತ್ತಿ ಬಾಲವನ್ನು ಎಬ್ಬಿಸಬೇಕಾಯಿತು. ಮುಂದಿನ ಮಾದರಿಗಳಿಗೆ ಮೂತಿಯ ಕೆಳಗೆ ಚಕ್ರ ಬಂತು. ಪೈಲಟ್‌ಗಳ ಕಷ್ಟ ತೀರಿತು, ನಮ್ಮದು ಶುರುವಾಯಿತು. ನಿಜವಾದ ವಿಮಾನದ ಮುಂಭಾಗದಲ್ಲಿ ತೋಪು, ಮದ್ದುಗುಂಡು, ಉಪಕರಣ, ಪೈಲಟ್ ಎಲ್ಲ ಇರುತ್ತವೆ. ಪ್ಲಾಸ್ಟಿಕ್ಕಿನ ಮೂತಿಯಲ್ಲಿ ಇರುವುದು ಗಾಳಿ.

ಈಗ ನಾನು ಅಂಟು ಮುಟ್ಟುವ ಮೊದಲೇ ತೂಕ ನೋಡುತ್ತೇನೆ. ದೇಹದ ಎರಡು ಹೋಳು, ರೆಕ್ಕೆ, ಬಾಲ ಎಲ್ಲವನ್ನೂ ಟೇಪಿನಿಂದ ತಾತ್ಕಾಲಿಕವಾಗಿ ಜೋಡಿಸಿ, ಹಿಂದಿನ ಚಕ್ರಗಳು ಬರುವ ಜಾಗದ ಕೆಳಗೆ ಒಂದು ಪೆನ್ಸಿಲನ್ನು ಅಡ್ಡಲಾಗಿ ಇಡುತ್ತೇನೆ. ಒಳಗೆ ಭಾರ ಎಲ್ಲಿ ಕೂರಲಿದೆಯೋ ಸರಿಯಾಗಿ ಅದರ ಮೇಲೆ, ಹೊರಗಿನಿಂದ, ಸೀಸದ ತುಣುಕುಗಳನ್ನು ಒಂದೊಂದಾಗಿ ಇಡುತ್ತಾ ಹೋದರೆ ಒಂದು ಹಂತದಲ್ಲಿ ಮೂತಿ ಬಾಗುತ್ತದೆ. ಅಷ್ಟಕ್ಕೆ ಇನ್ನೂ ಕಾಲು ಭಾಗ ಸೇರಿಸುತ್ತೇನೆ, ಏಕೆಂದರೆ ಆಮೇಲೆ ಬಾಲದ ಕಡೆ ಮೆತ್ತುವ ಪುಟ್ಟಿ ಮತ್ತು ಬಣ್ಣಕ್ಕೂ ತೂಕವಿದೆ. ಭಾರ ಮೂತಿಯ ತುದಿಗೆ ಹತ್ತಿರವಾದಷ್ಟೂ ಕಡಿಮೆ ಸಾಕು. ಮಿಗ್‌ನಲ್ಲಿ ಆ ತುದಿಯಲ್ಲೇ ದೊಡ್ಡ ತೂತು. ಒಳಹೋದ ಗಾಳಿ ಇಬ್ಭಾಗವಾಗಿ ಕಾಕ್‌ಪಿಟ್ಟಿನ ಎರಡೂ ಬದಿಯಿಂದ ಹಿಂದಿನ ಎಂಜಿನ್ನಿಗೆ ಸಾಗುತ್ತದೆ. ಸೀಸವನ್ನು ತಗಡಿನಂತೆ ಬಡಿದು, ಕಾಕ್‌ಪಿಟ್ಟಿನ ನೆಲದಡಿ, ಮುಂಚಕ್ರದ ಗೂಡಿನ ಇಕ್ಕೆಲ, ಎಲ್ಲೆಲ್ಲಿ ಸಂದು ಸಿಕ್ಕಿತೋ ಅಲ್ಲೆಲ್ಲ ತುರುಕಬೇಕು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು.

ಮೆಸರ್‌ಶ್ಮಿಟ್ 262ರ ಮೂತಿ ಉದಾರವಾಗಿದೆ, ತೂತಿಲ್ಲ, ಜಾಗ ಧಾರಾಳ. ಆದ್ದರಿಂದಲೇ ಅಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಸಣ್ಣ ಸೀಸದ ಗುಂಡುಗಳನ್ನು ಸುರಿದು, ಮೇಲಿಂದ ಮರಗೆಲಸದ ಬಿಳಿ ಅಂಟು ತುಂಬಿದೆ. ವಿಮಾನ ಅಚ್ಚುಕಟ್ಟಾಗಿ ನಿಂತಿತು. ಸುಮಾರು ಒಂದು ವರ್ಷದ ನಂತರ ಧೂಳು ಒರೆಸುವಾಗ ಮೂತಿಯ ಕೆಳಗಿನ ಜೋಡಣೆ ಬಾಯಿ ಬಿಟ್ಟಿರುವುದು ಕಂಡಿತು. ಒಳಗೆ ಬಿಳಿ ಪುಡಿ. ಆ ಅಂಟಿನಿಂದ ಹೊರಬರುವ ಆಮ್ಲದ ಅಂಶ ಸೀಸವನ್ನು ತಿನ್ನುತ್ತದೆ, ಹಾಗೆ ಹುಟ್ಟುವ ಲವಣ ಸೀಸಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬಿ ಉಬ್ಬಿ ಪ್ಲಾಸ್ಟಿಕ್ಕನ್ನೇ ಸೀಳುತ್ತದೆ. ಅಂದಿನಿಂದ ಸೀಸಕ್ಕೆ ಎಪಾಕ್ಸಿ ಮಾತ್ರ. ಬಿಳಿ ಅಂಟು ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳಕ್ಕೆ ಮೀಸಲು, ಅಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ; ಸೂಪರ್ ಗ್ಲೂ ಹಾಕಿದರೆ ಅದರ ಆವಿಯಿಂದ ಮುಚ್ಚಳಕ್ಕೆ ಮಂಜು ಕವಿಯುತ್ತದೆ.

ಒಡೆದ ಮೂತಿಗೆ ಪುಟ್ಟಿ ಮೆತ್ತುತ್ತಾ ಕುಳಿತಾಗ ಒಂದು ಸಮಾಧಾನವಿತ್ತು. 262ರ ರೆಕ್ಕೆಗಳು ಹಿಂದಕ್ಕೆ ಬಾಗಿವೆಯಲ್ಲ, ಆ ಸುಮಾರು ಹದಿನೆಂಟೂವರೆ ಡಿಗ್ರಿ ಬಾಗು ಮೊದಲಿಗೆ ಬಂದದ್ದು ವೇಗಕ್ಕಾಗಿ ಅಲ್ಲ. ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಭಾರವಾದವು, ತೂಕದ ಕೇಂದ್ರ ಜಾರಿತು, ಅದನ್ನು ಸರಿದೂಗಿಸಲು ರೆಕ್ಕೆಯನ್ನು ಹಿಂದಕ್ಕೆ ಹೊರಳಿಸಿದರು. ಅವರೂ ನನ್ನ ಹಾಗೆಯೇ ತೂಕದ ಜೊತೆ ಗುದ್ದಾಡಿದವರು. ನನ್ನ ಬಳಿ ಇದ್ದದ್ದು ಸೀಸ, ಅವರ ಬಳಿ ಇದ್ದದ್ದು ರೆಕ್ಕೆ.

ಇದೇ ವಿಮಾನದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಕಣ್ಣಿಗೆ ಬೀಳುವುದೇ ಕಷ್ಟ. ಅದರ ಯುಮೊ 004 ಎಂಜಿನ್ನಿನ ಗಾಳಿಬಾಯಿಯ ನಡುವೆ ಗುಂಡಗಿನ ಒಂದು ಮೊಗ್ಗಿದೆ. ಅದರೊಳಗೆ ಪುಟ್ಟ ಪೆಟ್ರೋಲ್ ಮೋಟಾರು, ಎಂಜಿನ್ನನ್ನು ಚಾಲೂ ಮಾಡುವುದಕ್ಕಾಗಿ. ಮೊಗ್ಗಿನ ತುದಿಯಲ್ಲಿ ಒಂದು ಉಂಗುರ. ಅಗತ್ಯ ಬಿದ್ದರೆ ಅದನ್ನು ಹಿಡಿದು ಹಗ್ಗ ಎಳೆದು ಆ ಮೋಟಾರನ್ನು ಎಬ್ಬಿಸಬಹುದಿತ್ತು. ಅಂಥ ವಿಮಾನಕ್ಕೆ ಜನರೇಟರಿನ ಹಗ್ಗ! ಕಿಟ್ಟಿನಲ್ಲಿ ಉಂಗುರವಿರಲಿಲ್ಲ. ಹಳೆಯ ವಿದ್ಯುತ್ ತಂತಿಯಿಂದ ಒಂದು ತಾಮ್ರದ ಎಳೆ ಬಿಡಿಸಿ, ಸೂಜಿಯ ಸುತ್ತ ಸುತ್ತಿ, ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಅಂಟಿಸಿದೆ. ಎರಡು ಉಂಗುರ ಬೇಕಿತ್ತು, ಐದು ಮಾಡಿದೆ. ಮೂರನ್ನು ನೆಲದ ಹಾಸು ನುಂಗಿತು.

ತೂಕದ ನಂತರದ ತಲೆನೋವು ಈ ಗಾಳಿಬಾಯಿಗಳೇ. ಪ್ರೊಪೆಲ್ಲರ್ ಇದ್ದಾಗ ನೋಡುವವರ ಕಣ್ಣು ಅದರ ಮೇಲೆಯೇ ನಿಲ್ಲುತ್ತಿತ್ತು. ಅದಿಲ್ಲದ ಕಡೆ ಎಲ್ಲರೂ ಮೊದಲು ಮಾಡುವುದು ತೂತಿನೊಳಗೆ ಇಣುಕುವುದು. ಅಮೆರಿಕದ ಸೇಬರ್ ಜೆಟ್‌ನ ಮೂತಿಯ ಕೊಳವೆ ಎರಡು ಹೋಳುಗಳಾಗಿ ಬರುತ್ತದೆ, ಜೋಡಿಸಿದ ಮೇಲೆ ಒಳಗೆ ಉದ್ದಕ್ಕೂ ಗೆರೆ ಉಳಿಯುತ್ತದೆ, ಉಜ್ಜಲು ಬೆರಳು ಹೋಗುವುದಿಲ್ಲ. ನಾನು ಮರಳುಕಾಗದವನ್ನು ಕಡ್ಡಿಗೆ ಸುತ್ತಿ ಉಜ್ಜಿದೆ, ಬೇಸತ್ತು ಬಿಟ್ಟೆ. ಕೊನೆಗೆ ಫಲಿಸಿದ್ದು ಸೋಮಾರಿಯ ಉಪಾಯ: ಕೊಳವೆಯ ಹಿಂದಿನ ತುದಿ ಮುಚ್ಚಿ, ಹಾಲಿನಷ್ಟು ತೆಳುವಾಗಿಸಿದ ಅಕ್ರಿಲಿಕ್ ಬಣ್ಣವನ್ನು ಒಳಗೆ ಸುರಿದು, ತಿರುಗಿಸಿ ತಿರುಗಿಸಿ ಹೊರಗೆ ಬಸಿಯುವುದು. ಒಂದು ದಿನ ಒಣಗಿಸಿ ಮತ್ತೆ ಅದನ್ನೇ ಮಾಡುವುದು. ನಾಲ್ಕನೆಯ ಸಲಕ್ಕೆ ಗೆರೆ ಮುಳುಗಿತು. ನಿಲ್ಲಿಸಿಟ್ಟ ವಿಮಾನಗಳಿಗೆ ಹಾಕುವ ಕೆಂಪು ಮುಚ್ಚಳವನ್ನು ಅಂಟಿಸಿ ಪಾರಾಗುವವರೂ ಇದ್ದಾರೆ. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ಯಾವ ಮಾಡೆಲ್ ಎಂದು ಹೇಳುವುದಿಲ್ಲ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ವಿಷಯ ಬಿಟ್ಟು. ಬೆಳ್ಳಗೆ ಕಂಡದ್ದೆಲ್ಲ ಬರಿಯ ಲೋಹವಲ್ಲ. ಸೇಬರ್ ಬಹುಪಾಲು ಬರಿಯ ಅಲ್ಯೂಮಿನಿಯಂ; ಹೊಳೆಯುವ ಕಪ್ಪು ಬಣ್ಣದ ಮೇಲೆ ಲೋಹದ ಬಣ್ಣವನ್ನು ಏರ್‌ಬ್ರಷ್ಷಿನಿಂದ ತೆಳ್ಳಗೆ ಹಾಯಿಸಿ, ತಗಡಿನಿಂದ ತಗಡಿಗೆ ಛಾಯೆ ಬದಲಿಸಬೇಕು, ಕೂದಲೆಳೆಯಷ್ಟು ಗೀರಿದ್ದರೂ ಎದ್ದು ಕಾಣುತ್ತದೆ. ಆದರೆ ಯುದ್ಧಾನಂತರದ ಬ್ರಿಟಿಷ್ ವಾಯುಪಡೆಯ ಬೆಳ್ಳಿಯ ಮೀಟಿಯರ್, ವ್ಯಾಂಪೈರ್‌ಗಳಿಗೆ ಬಳಿದದ್ದು ಬೆಳ್ಳಿ ಬಣ್ಣ. ಅವು ಮಿರುಗಬಾರದು. ವ್ಯಾಂಪೈರ್‌ನ ನಡುದೇಹವಂತೂ ಲೋಹವೇ ಅಲ್ಲ, ಪ್ಲೈವುಡ್ಡಿನ ಎರಡು ಪದರಗಳ ನಡುವೆ ಬಾಲ್ಸಾ ಮರ. ನನ್ನ ಕಿಟ್ಟಿನಲ್ಲಿ ಅದರ ಮೇಲೂ ತಗಡಿನ ಜೋಡಣೆಯ ಗೆರೆಗಳನ್ನು ಕೊರೆದಿದ್ದರು. ಎಲ್ಲವನ್ನೂ ಪುಟ್ಟಿಯಿಂದ ಮುಚ್ಚಿ, 400ರಿಂದ 1000ದವರೆಗಿನ ಮರಳುಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು ನೋಡಿದರೆ ಅರ್ಧ ಗೆರೆಗಳು ಮತ್ತೆ ಕಂಡವು. ಮತ್ತೆ ಉಜ್ಜಿದೆ. ಅದರ ಎರಡು ಬಾಲದಂಡಗಳನ್ನು ಸಮಾನಾಂತರವಾಗಿ ಕೂರಿಸಲು ಗ್ರಾಫ್ ಕಾಗದದ ಮೇಲೆ ಪ್ಲಾಸ್ಟಿಕ್ ಇಟ್ಟಿಗೆಗಳ ಚೌಕಟ್ಟು ಕಟ್ಟಿ, ಒಂದು ರಾತ್ರಿ ಪೂರ್ತಿ ಅಲುಗಾಡಿಸದೆ ಬಿಟ್ಟೆ.

ಈಗ ಮೇಜಿನ ಮೇಲಿರುವುದು ಬೆಲ್ ಎಕ್ಸ್‌ಪಿ-59ಎ, 1942ರ ಅಕ್ಟೋಬರಿನಲ್ಲಿ ಹಾರಿದ ಅಮೆರಿಕದ ಮೊದಲ ಜೆಟ್. ಅದನ್ನು ಗುಟ್ಟಾಗಿಡಬೇಕಿತ್ತು, ಆದ್ದರಿಂದ ನೆಲದ ಮೇಲಿದ್ದಾಗ ಅದರ ಮೂತಿಗೆ ಒಂದು ಸುಳ್ಳು ಪ್ರೊಪೆಲ್ಲರ್ ಸಿಕ್ಕಿಸುತ್ತಿದ್ದರು. ಹಳೆಯ ಕಿಟ್ಟುಗಳ ಉಳಿಕೆ ಡಬ್ಬಿಯಿಂದ ಒಂದಷ್ಟು ಅಲಗುಗಳನ್ನು ಹೆಕ್ಕಿದ್ದೇನೆ. ನಿನ್ನೆ ಇಡೀ ಸಂಜೆ ಅವುಗಳನ್ನು ಓರೆಯಾಗದಂತೆ ಅಂಟಿಸುವುದರಲ್ಲೇ ಹೋಯಿತು. ಒಂದು ಇನ್ನೂ ಓರೆಯಾಗಿದೆ.