ಸಂಜೆ ಏಳೂವರೆಯ ಹಳದಿ ಗೆರೆಗಳು

ಶಿಡ್ಲಘಟ್ಟದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಡಿಸ್‌ಪ್ಲೇ ಹಾಕುವುದು, ಚಾರ್ಜಿಂಗ್ ಪಿನ್ ಬದಲಾಯಿಸುವುದು, ಹಳೇ ಫೋನ್ ಕೊಳ್ಳುವುದು, ಇಷ್ಟೇ. ಹುಡುಗರು ಬೆಟ್ಟಿಂಗ್‌ಗೆ ಬಿದ್ದದ್ದು ಎಷ್ಟೋ ಸಲ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಜಂಬಕ್ಕೆ ಹೇಳುತ್ತಿಲ್ಲ, ಕೈ ಖಾಲಿಯಾದಾಗ ಮೊದಲು ಮಾರಾಟಕ್ಕೆ ಬರುವುದೇ ಫೋನು. ಹದಿನೈದು ಸಾವಿರದ್ದನ್ನು ಐದಕ್ಕೆ ಕೊಡುತ್ತೇನೆ, ಈಗಲೇ ಕ್ಯಾಶ್ ಬೇಕು ಅಂತ ಐಪಿಎಲ್ ಇರುವ ದಿನ ಸಂಜೆ ಆರೂವರೆಗೆ ಯಾರಾದರೂ ಬಂದು ನಿಂತರೆ ನಾನು ಕೊಳ್ಳುವುದಿಲ್ಲ. ಮೊದಲು ಕೊಳ್ಳುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ನನ್ನ ಕಣ್ಣು ತೆರೆಸಿದವನು ಅಕ್ಕನ ಮಗ. ಡಿಗ್ರಿ ಎರಡನೇ ವರ್ಷ, ದಿನಾ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಬರುತ್ತಾನೆ. ಭಾವ ರೇಷ್ಮೆ ಬೆಳೆಗಾರ. ಗೂಡು ಮಾರಿದ ದುಡ್ಡು ಈಗ ಖಾತೆಗೇ ಬೀಳುತ್ತದೆ. ಭಾವನದು ಬಟನ್ ಫೋನು, ಹಾಗಾಗಿ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮೂ ಮಗನ ಫೋನಿನಲ್ಲಿ, ಯುಪಿಐ ಕೂಡ ಅಲ್ಲೇ, ದುಡ್ಡು ಕಟ್ಟಾದ ಮೆಸೇಜೂ ಅಲ್ಲಿಗೇ. ನಮ್ಮ ಕಡೆ ಎಷ್ಟು ಮನೆಯಲ್ಲಿ ಹೀಗೇ ಇದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

ಊಟಕ್ಕೆ ಕೂತಾಗ ಫೋನು ಬೋರಲು ಹಾಕುತ್ತಿದ್ದ. ಎರಡು ತುತ್ತಿಗೊಮ್ಮೆ ಎದ್ದು ಹೊರಗೆ ಹೋಗುತ್ತಿದ್ದ. ಮಧ್ಯರಾತ್ರಿ ಯಾವುದೋ ದೇಶದಲ್ಲಿ ನಡೆಯುವ, ಹೆಸರೇ ಕೇಳದ ತಂಡಗಳ ಪಂದ್ಯದಲ್ಲಿ ಆರು ಓವರಿಗೆ ಎಷ್ಟು ರನ್ ಅಂತ ಬಾಯಿಪಾಠ ಹೇಳುತ್ತಿದ್ದ. ಕ್ರಿಕೆಟ್ ಹುಚ್ಚು ಅಂದುಕೊಂಡೆವು.

ಒಂದು ದಿನ ಡಿಸ್‌ಪ್ಲೇ ಒಡೆದುಕೊಂಡು ಬಂದ. ಗಮ್ಮು ಬಿಡಲಿ ಅಂತ ಬಿಸಿಗಾಳಿ ಬಿಡುತ್ತಾ, ಅವನ ಮುಖ ನೋಡದೆ, ಎರಡೇ ಪ್ರಶ್ನೆ ಕೇಳಿದೆ. ಹಾಕುವ ದುಡ್ಡು ಜಾಸ್ತಿ ಮಾಡುತ್ತಲೇ ಹೋಗಬೇಕು ಅನ್ನಿಸುತ್ತದಾ? ಎಷ್ಟು ಹಾಕಿದೆ ಅಂತ ಮನೆಯಲ್ಲಿ ಸುಳ್ಳು ಹೇಳಿದ್ದೀಯಾ? ಇವು ನನ್ನ ತಲೆಯಿಂದ ಬಂದವಲ್ಲ, ಜೂಜಿನ ಚಟ ಇದೆಯಾ ಅಂತ ತಿಳಿಯಲು ಡಾಕ್ಟರುಗಳೂ ಕೇಳುವ ಪ್ರಶ್ನೆಗಳು. ಮೊದಲನೆಯದಕ್ಕೆ ‘ಇಲ್ಲ ಮಾಮ’ ಅಂದ. ಎರಡನೆಯದಕ್ಕೆ ಸುಮ್ನೆ ಕೂತ.

ಬೈಯಲಿಲ್ಲ. ಮಾರನೇ ದಿನ ಅವನನ್ನೇ ಕರೆದುಕೊಂಡು ಮೂರು ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿದೆ. ಹೋದ ದುಡ್ಡಿಗೆ ಹಳದಿ ಗೆರೆ, ಬಂದದ್ದಕ್ಕೆ ಹಸಿರು, ಎಳೆಯುವವನು ನೀನೇ ಅಂದೆ. ನೂರು, ಇನ್ನೂರು, ಐನೂರು, ಆಮೇಲೆ ಎರಡೆರಡು ಸಾವಿರ, ಹೆಚ್ಚು ಕಡಿಮೆ ಎಲ್ಲವೂ ಸಂಜೆ ಏಳೂವರೆಯಿಂದ ಹನ್ನೊಂದರ ಒಳಗೆ. ನಲವತ್ತು ಸಾವಿರ ಗೆದ್ದಿದ್ದೇನೆ ಅಂತ ಆಣೆ ಹಾಕಿದ್ದ. ಸುಳ್ಳಲ್ಲ, ಹಸಿರು 38,000 ಇತ್ತು. ಹಳದಿ 1,26,400. ಕ್ಯಾಲ್ಕುಲೇಟರ್ ಅವನ ಕೈಗೇ ಕೊಟ್ಟಿದ್ದೆ. ಎರಡು ಸಲ ಕೂಡಿ ನೋಡಿದ. ಗೆದ್ದದ್ದು ಒಂದೊಂದೂ ಅವನಿಗೆ ನೆನಪಿತ್ತು, ಸೋತದ್ದು ಒಂದೂ ಇರಲಿಲ್ಲ.

ಯುಗಾದಿಗೆ ನಾನೂ ಇಸ್ಪೀಟು ಆಡಿದವನೇ. ಅರಳಿಕಟ್ಟೆಯಲ್ಲಿ ಊರಿಗೆಲ್ಲ ಕಾಣುವ ಹಾಗೆ ಆಡುತ್ತಿದ್ದೆವು, ಜೇಬು ಖಾಲಿಯಾದರೆ ಪಂಚೆ ಕೊಡವಿ ಏಳಲೇಬೇಕಿತ್ತು. ಇವನ ಫೋನಿನಲ್ಲಿ ಮೂರು ಸಾಲದ ಆ್ಯಪ್ ಇದ್ದವು, ಏಳುವ ಪ್ರಶ್ನೆಯೇ ಬರಲಿಲ್ಲ.

ಮನೆಯಲ್ಲಿ ಹೇಳಿದ ರಾತ್ರಿ ಭಾವ ಫೋನು ಒಡೆಯಲು ಹೊರಟರು. ಅಕ್ಕ ಬಳೆ ಬಿಚ್ಚಿದಳು, ಮಾರಿ ಒಂದೇ ಸಲ ತೀರಿಸಿಬಿಡೋಣ ಅಂತ. ಎರಡೂ ಬೇಡ ಅಂದೆ. ಫೋನು ಒಡೆದರೆ ಗೆಳೆಯನ ಫೋನು ಇದೆ. ಕೈಗೆ ದುಡ್ಡು ಕೊಟ್ಟರೆ ಕಳೆದದ್ದನ್ನು ವಾಪಸ್ ತರುತ್ತೇನೆ ಅಂತ ಅದನ್ನೂ ಹಾಕುತ್ತಾನೆ, ಅವನು ಕೆಟ್ಟವನು ಅಂತಲ್ಲ, ಈ ಚಟದ ಗುಣವೇ ಅದು. ಯಾರಿಗೆ ಎಷ್ಟು ಕೊಡಬೇಕು ಅಂತ ಪಟ್ಟಿ ಬರೆಸಿ, ಅವರವರಿಗೆ ನೇರವಾಗಿ ನಾವೇ ಕಂತಿನಲ್ಲಿ ಕಟ್ಟಿದೆವು.

ಹುಡುಗ ಪೊಲೀಸಿಗೆ ಹೆದರಿ ಬಾಯಿ ಬಿಟ್ಟಿರಲಿಲ್ಲವಂತೆ. ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಕೇಂದ್ರ ತಂದ ಕಾಯ್ದೆಯಲ್ಲಿ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಇದೆ. ಅದರಲ್ಲಿ ಆಡಿದವನಿಗೆ ಶಿಕ್ಷೆ ಇಟ್ಟಿಲ್ಲ. ಇದನ್ನು ಹೇಳಿದ ಮೇಲೆಯೇ ಟೆಲಿಗ್ರಾಂನಲ್ಲಿ ಯಾರೋ ಬೆಟ್ಟಿಂಗ್ ಆಡಲು ‘ಐಡಿ’ ಕೊಟ್ಟದ್ದು, ಆ್ಯಪ್ ಮುಚ್ಚಿದರೂ ಆಟ ನಿಲ್ಲದ್ದು, ಎಲ್ಲ ಹೊರಬಂತು.

ಅಂಗಡಿಯಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸಿದೆ. ಉಚಿತ, ಕನ್ನಡದಲ್ಲೇ ಮಾತಾಡಿದರು. ಆಮೇಲೆ ನಿಮ್ಹಾನ್ಸ್‌ಗೂ ಹೋದೆವು, ಫೋನು, ಇಂಟರ್‌ನೆಟ್ ಗೀಳಿಗೆ ಅಂತಲೇ ಅಲ್ಲಿ ‘ಶಟ್’ ಕ್ಲಿನಿಕ್ ಇದೆ. ಒಂದೇ ಸಲಕ್ಕೆ ಬಿಡಲಿಲ್ಲ. ನಡುವೆ ಒಂದು ರಾತ್ರಿ ಮುನ್ನೂರು ಹಾಕಿದ, ಆದರೆ ಹನ್ನೊಂದೂವರೆಗೆ ನನಗೆ ಅವನೇ ಫೋನ್ ಮಾಡಿ ಹೇಳಿದ. ನನಗೆ ಅಷ್ಟು ಸಾಕಾಗಿತ್ತು.

ಈಗ ಏಳೂವರೆಗೆ ಅಂಗಡಿಗೆ ಬಂದು ಕೂರುತ್ತಾನೆ. ಕೆಲಸ ಕಲಿಯುತ್ತಿದ್ದಾನೆ, ಸ್ಕ್ರೂ ಕಳೆಯುವುದೇ ಜಾಸ್ತಿ. ಯುಪಿಐ ತೆಗೆಸಿ ಸಿಮ್ಮನ್ನು ಭಾವನ ಬಟನ್ ಫೋನಿಗೆ ವಾಪಸ್ ಹಾಕಿದ್ದೇವೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಅಂಕಿ ಬರುತ್ತದೆ. ಟಿಂಗ್ ಅಂದರೆ ಸಾಕು, ಸೊಪ್ಪಿನ ಹೊರೆ ಅಲ್ಲೇ ಇಳಿಸಿ ‘ಇದೇನು 239 ಅಂತ ಬಂದಿದೆ ನೋಡು’ ಅಂತ ನನಗೆ ಫೋನ್ ಮಾಡುತ್ತಾರೆ. ನೋಡಿದರೆ ರೀಚಾರ್ಜ್ ಆಫರ್.