ಸಾಕ್ಷಿ ತಿರುಗಿ ಬಿದ್ದರೂ ನಿಲ್ಲುವ ಫ್ಯಾಕ್ಟರಿ ಕೇಸು

ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಸಾವಿನ ಕೇಸಿನಲ್ಲಿ ಕಾರ್ಮಿಕ ಸಾಕ್ಷಿ ತಿರುಗಿ ಬೀಳುತ್ತಾನೆ, ಮಾಲೀಕ ಬಿಡುಗಡೆಯಾಗುತ್ತಾನೆ ಅನ್ನುವುದು ಶಿವಮೊಗ್ಗ ಕೋರ್ಟ್ ಆವರಣದ ಹಳೇ ಮಾತು. ಅದೇ ಕಂಪನಿಯ ಸಂಬಳದಲ್ಲಿ ಬದುಕುವವನು ಕಟಕಟೆಯಲ್ಲಿ ಇನ್ನೇನು ಹೇಳಿಯಾನು? ಹಾಗಾಗಿ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಆದ ನಾನು ಕಂಪನಿಯ ಕಾಗದಗಳನ್ನೇ ಸಾಕ್ಷಿಯಾಗಿಸಿ ದೂರು ಕಟ್ಟತೊಡಗಿದೆ. 'ಇದು ನಿಲ್ಲಲ್ಲ ಸಾರ್' ಎಂದಿದ್ದವರೇ ಈಗ ದೂರಿನ ನಕಲು ಕೇಳುತ್ತಾರೆ.

ಸ್ಯಾಂಡ್ ಪ್ಲಾಂಟಿನ (ಅಚ್ಚಿನ ಮರಳು ಹದ ಮಾಡುವ ಜಾಗ) ಕನ್ವೇಯರ್ ಬೆಲ್ಟ್ ತಿರುಗಿಸುವ ಪುಲ್ಲಿಗೆ ಸಿಕ್ಕಿ ಸತ್ತರೆ ಯಂತ್ರಕ್ಕೆ ಗಾರ್ಡ್ ಇರಬೇಕೆನ್ನುವ ಕಲಂ 21; ಇಲ್ಲಿ ಹೇಳುವ ಕಲಂಗಳೆಲ್ಲ 2025ರ ನವೆಂಬರ್‌ವರೆಗೆ ಇದ್ದ 1948ರ ಕಾರ್ಖಾನೆ ಕಾಯ್ದೆಯವು. ನಾವು ಹೋಗುವಷ್ಟರಲ್ಲಿ ಗಾರ್ಡ್ (ತಿರುಗುವ ಭಾಗ ಮುಚ್ಚುವ ಕವಚ) ಕೂತಿರುತ್ತದೆ, 'ಮೊದಲಿಂದಲೂ ಇತ್ತು' ಅನ್ನುತ್ತಾರೆ. ಬೋಲ್ಟ್ ಬಿಚ್ಚಿಸಿ. ಹಳೇ ಗಾರ್ಡಾದರೆ ಪಟ್ಟಿಯ ಅಡಿಯಲ್ಲಿ ಮರಳು, ಬೆಂಟೋನೈಟ್ ಜೇಡಿಯ ಧೂಳು ಗ್ರೀಸಿನ ಜೊತೆ ಹೆಪ್ಪುಗಟ್ಟಿರುತ್ತದೆ, ಬೋಲ್ಟಿನ ತಲೆ ಸ್ಪ್ಯಾನರ್ ತಿಂದಿರುತ್ತದೆ. ಹೊಸದಾದರೆ ಫ್ರೇಮಿನ ತೂತಿನ ಅಂಚು ಬೆಳ್ಳಗೆ ಹೊಳೆಯುತ್ತದೆ, ಕೆಳಗೆ ಡ್ರಿಲ್ಲಿನ ಸುರುಳಿ ಚೂರು ಸಿಗುತ್ತದೆ. ನಮ್ಮ ಮಳೆಗಾಲದಲ್ಲಿ ಆ ಹೊಳಪು ಎರಡು ಮೂರು ದಿನಕ್ಕೇ ತುಕ್ಕು ಹಿಡಿಯುತ್ತದೆ. ಅಂದೇ ಸ್ಕೇಲ್ ಇಟ್ಟು ಫೋಟೊ, ಅಂದೇ ಮಹಜರು. ಆಮೇಲೆ ಗಾರ್ಡಿನ ಜಿಎಸ್‌ಟಿ ಬಿಲ್. ಒಳಗೇ ಮಾಡಿಸಿದ್ದರೆ ಸ್ಟೋರಿನಿಂದ ಪಟ್ಟಿ, ವೆಲ್ಡಿಂಗ್ ರಾಡ್ ಕೊಟ್ಟ ರಿಜಿಸ್ಟರ್. ತಾರೀಖು ಅಪಘಾತದ ಮರುದಿನದ್ದಾದರೆ ಪಾಟೀಸವಾಲು ಅಲ್ಲಿಗೇ ಮುಗಿಯಿತು. ಇನ್ನೊಂದು ಕಾಗದವನ್ನೂ ತರಿಸುತ್ತೇನೆ. ಮಾಲೀಕರ ವಕೀಲರೂ ಇದನ್ನು ಓದುತ್ತಾರಾದ್ದರಿಂದ ಅದು ಯಾವುದೆಂದು ಹೇಳಲ್ಲ.

ಹೆಚ್ಚು ಕೇಸು ಬೀಳುವುದು ಎರಡು ಕಡೆ. ಒಂದು, ಕಲಂ 106: ಇನ್‌ಸ್ಪೆಕ್ಟರಿಗೆ ತಿಳಿದ ದಿನದಿಂದ ಮೂರು ತಿಂಗಳೊಳಗೆ ದೂರು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಮುಂದಿರಬೇಕಿತ್ತು. ಪೋಸ್ಟ್‌ಮಾರ್ಟಂ ವರದಿಗೆ ಕಾದು ಕೂತವರ ಫೈಲು ಅಲ್ಲೇ ಸತ್ತಿದೆ. ಎರಡು, ಆಕ್ಯುಪೈಯರ್ (ಕಾರ್ಖಾನೆಯ ಮೇಲೆ ಅಂತಿಮ ಹಿಡಿತವಿರುವವರು) ಎಂದು ಜನರಲ್ ಮ್ಯಾನೇಜರ್ ಹೆಸರು ಹಾಕುವುದು. ಕಂಪನಿಯಾದರೆ ಡೈರೆಕ್ಟರೇ ಆಕ್ಯುಪೈಯರ್ ಎಂದು ಜೆ.ಕೆ. ಇಂಡಸ್ಟ್ರೀಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಲೈಸೆನ್ಸ್ ಫೈಲಿನ ಹೆಸರನ್ನು ಅಪಘಾತದ ದಿನದ ಡೈರೆಕ್ಟರ್ ಪಟ್ಟಿಗೆ ತಾಳೆ ಹಾಕಿ. ಕಲಂ 101 ಹಿಡಿದು ಸೂಪರ್‌ವೈಸರ್ ತಲೆಗೆ ಕಟ್ಟಲು ಬಂದರೆ ಅವರು ಪೂರ್ತಿ ಮೂರು ದಿನ ಮುಂಚೆ ಲಿಖಿತ ನೋಟಿಸು ಕೊಡಬೇಕಿತ್ತು. ಬಹುತೇಕರು ಕೊಟ್ಟಿರುವುದಿಲ್ಲ.

ಇನ್ನು ದುಡ್ಡು. ಹಳೇ ಕಾಯ್ದೆಯಲ್ಲಿ ಸಾವಿಗೆ ಕನಿಷ್ಠ ದಂಡ 25,000, ಗರಿಷ್ಠ 1 ಲಕ್ಷ ಇತ್ತು. ಆಕ್ಯುಪೈಯರ್, ಮ್ಯಾನೇಜರ್ ಇಬ್ಬರಿಗೂ ಸೇರಿ 50,000 ಕಟ್ಟಿ, ಮೊದಲ ದಿನವೇ ತಪ್ಪೊಪ್ಪಿಕೊಂಡು ಮನೆಗೆ ಹೋಗುತ್ತಿದ್ದರು; ಫೌಂಡ್ರಿಗೆ ಅದು ಒಂದು ದಿನದ ಕರೆಂಟ್ ಬಿಲ್ಲೂ ಅಲ್ಲ. ಅದಕ್ಕೇ ಶಿಕ್ಷೆ ಹೇಳುವ ಮುಂಚೆ ಎಪಿಪಿ (ಸಹಾಯಕ ಸರ್ಕಾರಿ ವಕೀಲರು) ಕೈಯಲ್ಲಿ ಮೆಮೊ ಹಾಕಿಸುತ್ತೇನೆ: ಹಿಂದಿನ ತಪಾಸಣೆಯಲ್ಲಿ ಇದೇ ಪುಲ್ಲಿಗೆ ಕೊಟ್ಟ ಟಿಪ್ಪಣಿ, ದಂಡದಿಂದ ಮನೆಯವರಿಗೆ ಪರಿಹಾರ, ಮುಖ್ಯವಾಗಿ ಕಲಂ 102ರ ಆದೇಶ. ಕೋರ್ಟು ಗಡುವು ಕೊಟ್ಟು ಎಲ್ಲ ಕನ್ವೇಯರಿಗೂ ಗಾರ್ಡ್, ಪುಲ್ ಕಾರ್ಡ್ (ಎಳೆದರೆ ಬೆಲ್ಟ್ ನಿಲ್ಲುವ ಹಗ್ಗ) ಹಾಕಿ ಎಂದರೆ ಐದಾರು ಲಕ್ಷ ಆಗುತ್ತದೆ. ಬಿಸಿ ತಟ್ಟುವುದು ಅಲ್ಲಿ.

ನಡುವೆ ಅಕ್ಕಿ ಗಿರಣಿಗಳ ಮೇಲೂ ಪ್ರಯೋಗ ಮಾಡಿದೆ. ಮಸ್ಟರಿನಲ್ಲಿ (ಹಾಜರಿ ಪುಸ್ತಕ) ಏಳು ಜನ, 'ನಮಗೆ ಆಕ್ಟ್ ಬರಲ್ಲ' ಅನ್ನುತ್ತಿದ್ದರು. ಹಿಂದಿನ 12 ತಿಂಗಳಲ್ಲಿ ಒಂದೇ ಒಂದು ದಿನ 10 ಜನ ದುಡಿದಿದ್ದರೂ ಹಳೇ ಕಾಯ್ದೆಗೆ ಸಾಕಿತ್ತು. ಸುಗ್ಗಿ ಕಾಲದ ಹಮಾಲಿ ಚೀಟಿ ತೆಗೆಸಿದರೆ ಲೆಕ್ಕ ತುಂಬುತ್ತಿತ್ತು. ಎರಡರಲ್ಲಿ ಒಂದು ಕೇಸು ನಿಂತಿತು.

ಹಳೇ ಕಾಯ್ದೆಯ ಬದಲು 2025ರ ನವೆಂಬರ್ 21ರಿಂದ ಬಂದ ಹೊಸ ಔದ್ಯೋಗಿಕ ಸುರಕ್ಷತೆ ಸಂಹಿತೆಯಲ್ಲಿ ಸಾವಿಗೆ ಕನಿಷ್ಠ 5 ಲಕ್ಷ, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ವಾರಸುದಾರರಿಗೆ ಕೊಡಿಸಬಹುದು. ಆದರೆ ವಿದ್ಯುತ್ ಬಳಸುವ ಜಾಗ ಕಾರ್ಖಾನೆ ಎನಿಸಲು 20 ಜನ ಬೇಕು. ಹಮಾಲಿ ಚೀಟಿಗಳನ್ನು ಇನ್ನಷ್ಟು ಕೂಡಿಡಬೇಕು.